ಉಡಿ ತುಂಬಿದರು, ಮನೆ ಕೊಡಲಿಲ್ಲ

ಫೋನ್ ಮಾಡಿದಾಗ ಮನೆ ಖಾಲಿ ಇತ್ತು. ಅರ್ಧ ಗಂಟೆ ಬಿಟ್ಟು ಗೇಟಿನ ಮುಂದೆ ನಿಂತಾಗ, ‘ನಿನ್ನೇನ ಕೊಟ್ಟಬಿಟ್ಟೇವ್ರಿ’ ಅಂದರು! ನಿನ್ನೆಯೇ ಕೊಟ್ಟಿದ್ದರೆ ಇವತ್ತು ಬಂದು ನೋಡ್ರಿ ಅಂದದ್ದು ಯಾರು? ಹಾಗೆ ಹೇಳುವಾಗ ಆ ಮನುಷ್ಯನ ಕಣ್ಣು ನನ್ನ ಮೇಲಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗ್ರೇಸ್ ಮೇಲಿತ್ತು.

ಗ್ರೇಸ್ ಕೀನ್ಯಾದವಳು. ಧಾರವಾಡದಲ್ಲಿ ಜೋಳದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಶನಿವಾರ ಶನಿವಾರ ಕೇಶ್ವಾಪುರದ ನಮ್ಮ ಮನೆಗೆ ಬಂದು ಕನ್ನಡ ಕಲಿಯುತ್ತಾಳೆ. (ರೊಟ್ಟಿ ನನಗಿಂತ ಛಲೋ ಬಡಿಯುತ್ತಾಳೆ. ಇದನ್ನು ನಮ್ಮ ಅತ್ತೆ ಓಣಿಗೆಲ್ಲ ಹೇಳಿ ಬಂದಿದ್ದಾರೆ.) ಈ ತಿಂಗಳ ಕೊನೆಗೆ ಅವಳ ಗಂಡ, ಐದು ವರ್ಷದ ಮಗಳು ಬರುತ್ತಿದ್ದಾರೆ. ಲೇಡೀಸ್ ಹಾಸ್ಟೆಲ್‌ನಲ್ಲಿ ಅವರನ್ನು ಇಟ್ಟುಕೊಳ್ಳುವ ಹಾಗಿಲ್ಲ. ವರ್ಷದಿಂದ ಮಗಳನ್ನು ಫೋನಿನಲ್ಲೇ ಮಲಗಿಸುತ್ತಿರುವ ತಾಯಿಗೆ ಬೇಕಾಗಿರುವುದು ಎರಡು ಕೋಣೆ, ಒಂದು ಅಡುಗೆಮನೆ.

ಐದು ಮನೆ ತಿರುಗಿದೆವು. ಒಬ್ಬರಿಗೆ ಅಡುಗೆ ವಾಸನೆಯ ಚಿಂತೆ. ಇನ್ನೊಬ್ಬರಿಗೆ ವಿದೇಶದವರನ್ನು ಇಟ್ಟುಕೊಂಡರೆ ಪೊಲೀಸರಿಗೆ ಕೊಡಬೇಕಾದ ಫಾರ್ಮಿನ ಚಿಂತೆ. (ನಾನೇ ತುಂಬಿ ಕೊಡ್ತೇನಿ ಅಂದೆ. ಕೂಡಲೇ ಮನೆಯಲ್ಲಿ ನೀರಿನ ಸಮಸ್ಯೆ ಹುಟ್ಟಿಕೊಂಡಿತು.) ಮತ್ತೊಬ್ಬರು ಗ್ರೇಸ್ ಜೊತೆ ಸೆಲ್ಫಿ ತೆಗೆದುಕೊಂಡು, ಆಮೇಲೆ ಇಲ್ಲ ಅಂದರು!

ಕಳೆದ ಭಾನುವಾರ ರಾಯಾಪುರದ ಒಂದು ಮಹಡಿ ಮನೆಗೆ ಹೋದೆವು. ಕೆಳಗೆ ವಾಸವಿರುವ ಮನೆಯೊಡತಿ ಬಾಯಿ ತುಂಬ ಮಾತಾಡಿಸಿದರು. ಚಹಾ, ಚುರಮುರಿ, ಬೇಸನ್ ಉಂಡಿ ಎಲ್ಲ ಬಂತು. ‘ಭಾಳ ರುಚಿ ಐತ್ರಿ’ ಎಂದು ಗ್ರೇಸ್ ಅಂದದ್ದೇ ತಡ, ಆಕೆ ಕರಗಿ ನೀರಾದರು. ಆಮೇಲೆ ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದರು.

‘ಬಂಗಾರದಂಥಾಕಿ ಅದಾಳ್ರಿ. ಎಂಟ ದಿನಾ ಅಂದ್ರ ನಮ್ಮ ಮನ್ಯಾಗನ ಇಟಗೋತಿದ್ವಿ. ಎರಡ ವರ್ಷ ಬಾಡಿಗಿ ಅಂದ್ರ... ಓಣ್ಯಾಗ ಮಂದಿ ಏನಂದಾರ್ರಿ?’

‘ಏನಂತಾರ್ರಿ?’

‘ನನಗೇನ ಗೊತ್ತ್ರಿ? ಏನರ ಅಂತಾರ.’

ಯಾರೂ ಇನ್ನೂ ಆಡದ ಮಾತಿಗೆ ಹೆದರಿ ಒಂದು ಸಂಸಾರವನ್ನು ಬೀದಿಯಲ್ಲಿ ನಿಲ್ಲಿಸುವುದೇ? ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಆಕೆ ಹೊರಗೆ ಹೋಗಿ ಗ್ರೇಸ್‌ಳನ್ನು ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಖಣ. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸಬಾರದಂತೆ! ಗ್ರೇಸ್ ಎಲ್ಲವನ್ನೂ ದುಪಟ್ಟಾದಲ್ಲಿ ಅವುಚಿಕೊಂಡಳು. ಅವಳ ಕಣ್ಣಲ್ಲಿ ನೀರು. ಇಷ್ಟೊಂದು ಮರ್ಯಾದೆ ಮಾಡಿದ ಮೇಲೆ ಮನೆ ಸಿಕ್ಕಿತೆಂದೇ ಅವಳು ತಿಳಿದಿದ್ದಳು.

‘ಸಾಮಾನ ಯಾವಾಗ ತರ್ಲಿರಿ, ಅಕ್ಕಾರ?’

ಆಕೆ ನನ್ನ ಮುಖ ನೋಡಿದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಟೋದಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಅವಳು ಮನೆ ಸಿಕ್ಕಿತೆಂದು ಗಂಡನಿಗೆ ಮೆಸೇಜ್ ಹಾಕಿ ಆಗಿತ್ತು.

ನಮ್ಮೂರಲ್ಲಿ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಖರೆ, ಕಳಿಸುವುದಿಲ್ಲ. ಆದರೆ ಕಳಿಸಿಯೇ ಬಿಡುತ್ತೇವಲ್ಲ! ಎಂಟು ದಿನ ದೇವರಾಗಿರುವ ಅತಿಥಿ ಒಂಬತ್ತನೇ ದಿನ ಏನಾಗುತ್ತಾರೆ ಸ್ವಾಮಿ?

ಮರುದಿನ ಆ ಮನೆಯೊಡತಿಯದೇ ಫೋನು. ‘ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮುಂದಿನ ತಿಂಗಳ ನಮ್ಮನ್ಯಾಗ ಪೂಜಿ ಐತಿ. ಆಕಿನ್ನ ಕರಕೊಂಡ ಬರ್ರಿ, ಗಂಡ, ಮಗಳೂ ಬರ್ಲಿ.’

‘ಬರ್ತಾರ್ರಿ’ ಅಂದೆ. ‘ಆದ್ರ ಯಾವ ಮನಿಯಿಂದ ಬರಬೇಕ್ರಿ?’