ಉತ್ತರದ ಕ್ಯಾಪ್ಟನ್ನಿಗೆ ನಾಲ್ಕು ಸಾಲು

ವರ್ಷಕ್ಕೊಮ್ಮೆ ನಮ್ಮ ಗುಂಪಿನವರಿಗೆಲ್ಲ ಮಂಗಳಾರತಿ ಮಾಡುವ ಕೆಲಸ ನನ್ನದು. ನಾನೇನೂ ಕೇಳಿ ಪಡೆದದ್ದಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಕನ್ನಡದಲ್ಲಿ ಬೇಗ ಟೈಪು ಮಾಡಲು ಬರುತ್ತದೆ. ಅಷ್ಟೇ ಅರ್ಹತೆ ನೋಡಿ ನನ್ನ ತಲೆಗೆ ಕಟ್ಟಿದರು.

ಫ್ರೀಮಾಂಟಿಗೆ ಬರುವ ಮೊದಲು ನಾವು ಕೆಲವು ವರ್ಷ ಮೆಲ್ಬರ್ನಿನಲ್ಲಿದ್ದೆವು. ಅಲ್ಲಿಯವರಿಗೆ ಅವರದೇ ಒಂದು ಫುಟ್‌ಬಾಲು ಇದೆ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಒಬ್ಬರ ಮೇಲೊಬ್ಬರು ಬೀಳಲೂಬಹುದು. ಕನ್ನಡದವರೆಲ್ಲ ಸೇರಿ ಅದರ ಫ್ಯಾಂಟಸಿ ಲೀಗು ಶುರು ಮಾಡಿದೆವು. ಅಂದರೆ ಬೆವರು ಸುರಿಸುವವರು ನಾವಲ್ಲ. ನಿಜವಾದ ಆಟಗಾರರಲ್ಲಿ ನಮಗೆ ಬೇಕಾದವರನ್ನು ಆರಿಸಿ ಒಂದೊಂದು ತಂಡ ಮಾಡಿಕೊಳ್ಳುತ್ತೇವೆ. ಅವರು ಮೈದಾನದಲ್ಲಿ ಒದ್ದದ್ದಕ್ಕೆ, ಹಿಡಿದದ್ದಕ್ಕೆ, ಎದುರಾಳಿಯನ್ನು ಕೆಡವಿದ್ದಕ್ಕೆ ನಮಗೆ ಅಂಕ ಬರುತ್ತದೆ. ಈಗ ಅರ್ಧ ಜನ ಅಲ್ಲೇ ಇದ್ದಾರೆ, ಉಳಿದರ್ಧ ಬೇ ಏರಿಯಾದಲ್ಲಿದ್ದೇವೆ. ಹುಚ್ಚು ಮಾತ್ರ ಯಾರಿಗೂ ಬಿಟ್ಟಿಲ್ಲ.

ಸೀಸನ್ನಿನ ನಡುವೆ ಒಂದು ವಾರ ನಮ್ಮ ಲೀಗಿಗೆ ರಜೆ. ಆ ವಾರ ಉತ್ತರ–ದಕ್ಷಿಣ ಪಂದ್ಯ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಲ್ಲಿ ಚೆನ್ನಾಗಿ ಆಡುತ್ತಿರುವ ಐವರು ಉತ್ತರವನ್ನು ಪ್ರತಿನಿಧಿಸುತ್ತಾರೆ, ಬೆಂಗಳೂರು ಮೈಸೂರಿನ ಐವರು ದಕ್ಷಿಣವನ್ನು. ಐದೈದು ತಂಡಗಳ ಅಂಕ ಕೂಡಿಸಿದಾಗ ಯಾರದು ಹೆಚ್ಚೋ ಅವರು ಗೆದ್ದ ಹಾಗೆ. ಗೆದ್ದವರಿಗೆ ಸಿಗುವುದು ಇನ್ನೊಂದು ಪಂದ್ಯದವರೆಗೆ ಸೋತವರನ್ನು ಆಡಿಕೊಳ್ಳುವ ಹಕ್ಕು, ಅಷ್ಟೇ. ಪಂದ್ಯದ ಹಿಂದಿನ ದಿನ ನಾನು ಅದರ ಮುನ್ನೋಟ ಬರೆದು ಗ್ರೂಪಿಗೆ ಹಾಕಬೇಕು. ಹತ್ತೂ ಜನಕ್ಕೆ ತಲಾ ನಾಲ್ಕು ಸಾಲು, ಹತ್ತೂ ಜನಕ್ಕೆ ಬೈಗುಳ. ಒಮ್ಮೆ ಒಬ್ಬರನ್ನು ಎರಡೇ ಸಾಲಿನಲ್ಲಿ ಮುಗಿಸಿದೆನೆಂದು ಅವರು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು.

ಉತ್ತರದ ಕ್ಯಾಪ್ಟನ್ನು ನಮ್ಮ ಪಕ್ಕದೂರು ಯೂನಿಯನ್ ಸಿಟಿಯ ಕಾಕಾ. ಧಾರವಾಡದವರು, ಸೇತುವೆ ಕಟ್ಟಿಸುವ ಎಂಜಿನಿಯರಾಗಿದ್ದು ನಿವೃತ್ತರಾದವರು. ನನಗೆ ರಕ್ತಸಂಬಂಧವೇನಿಲ್ಲ. ಗುಂಪಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕೂ, ಮೈಸೂರಿನವಳಾದ ನನಗೂ ಹಾಗೇ ಅಭ್ಯಾಸವಾಗಿದೆ. ಕಾಕಾನದೊಂದು ದೌರ್ಬಲ್ಯವೆಂದರೆ ಪೆಟ್ಟಾದ ಆಟಗಾರರನ್ನು ಅವರು ತಂಡದಿಂದ ತೆಗೆಯುವುದಿಲ್ಲ. ಮೈದಾನಕ್ಕೇ ಇಳಿಯದವನಿಂದ ಅಂಕ ಎಲ್ಲಿಂದ ಬರಬೇಕು? ಕೇಳಿದರೆ, "ಪಾಪ, ವಾಪಸ್ ಬರ್ತಾನ ತಡಿಯವ್ವಾ" ಎನ್ನುತ್ತಾರೆ. ಅವರ ತಂಡಕ್ಕೆ ನಾನು ಜನರಲ್ ವಾರ್ಡು ಎಂದು ಹೆಸರಿಟ್ಟಿದ್ದೆ. ವರ್ಷ ವರ್ಷವೂ ಅವರ ನಾಲ್ಕು ಸಾಲು ಅದರ ಮೇಲೇ ನಡೆದುಹೋಗುತ್ತಿತ್ತು.

ಈ ವರ್ಷ ಪಂದ್ಯಕ್ಕೆ ಸ್ವಲ್ಪ ದಿನ ಮುಂಚೆ ಕಾಕಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ನಾನೇ. ಹೊಟ್ಟೆಯೊಳಗೆ ಗಡ್ಡೆ ಕಂಡಿತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ಅವರ ಮಗಳು ಊರಲ್ಲಿರಲಿಲ್ಲ, ಕಾಕೂಗೆ ಫ್ರೀವೇ ಮೇಲೆ ಕಾರು ಓಡಿಸಲು ಭಯ. ವಾಪಸು ಬರುವಾಗ ಕಾಕಾ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ಗ್ರೂಪಿನ್ಯಾಗ ಯಾರಿಗೂ ಹೇಳಬ್ಯಾಡವ್ವಾ," ಎಂದರು. "ಹೇಳಿದಿ ಅಂದ್ರ ಎಲ್ಲಾರೂ ನನ್ನ ಜೋಡಿ ಮೆತ್ತಗ ಮಾತಾಡಾಕ ಶುರು ಮಾಡ್ತಾರ. ಅದೊಂದು ನನಗ ತಡಕೊಳ್ಳಾಕ ಆಗಂಗಿಲ್ಲ."

ಹೇಳುವುದಿಲ್ಲ ಎಂದೆ. ಆಮೇಲೆ ಮನೆ ಬರುವವರೆಗೂ ಮೆಲ್ಬರ್ನಿನಲ್ಲಿ ಪಂದ್ಯದ ದಿನ ಮಳೆ ಬರುತ್ತದೋ ಇಲ್ಲವೋ ಎಂದು ಜಗಳವಾಡಿದೆವು. ಬರುವುದೇ ಇಲ್ಲ ಎಂದು ಅವರ ವಾದ. ರಿಪೋರ್ಟು ಶುಕ್ರವಾರ ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಪಂದ್ಯವೂ ನಮ್ಮ ಶುಕ್ರವಾರ ಸಂಜೆಯೇ.

ಅಲ್ಲಿಂದ ನನಗೆ ಸಂಕಟ ಶುರುವಾಯಿತು. ಕಾಕಾನಿಗೆ ಏನಂತ ಬರೆಯುವುದು? ರಾತ್ರಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಪೇಚಾಡಿಕೊಂಡೆ. ಅವನಿಗೆ ವಿಷಯ ಗೊತ್ತಿತ್ತು, ಆಸ್ಪತ್ರೆಗೆ ಹೋಗಲು ನಾನು ಅವನದೇ ಕಾರು ಕೇಳಿದ್ದೆ.

"ಸುಮ್ನೆ ಟೆನ್ಷನ್ ತಗೋತಿದೀಯ ಕಣೆ," ಎಂದ. "ಹೋದ್ ವರ್ಷದ್ದನ್ನೇ ಸ್ವಲ್ಪ ಚೇಂಜ್ ಮಾಡಿ ಹಾಕು. ಯಾರಿಗೆ ನೆನಪಿರತ್ತೆ?"

"ಹೋದ್ ವರ್ಷದ್ರಲ್ಲಿ ಏನಿದೆ ಅಂತ ಗೊತ್ತಾ ನಿಂಗೆ? ತಗೋ, ಓದು!"

ಫೋನನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳಿದೆ. 'ಡಾಕ್ಟರು ಕೈಚೆಲ್ಲಿದವರನ್ನೂ ನಮ್ಮ ಕಾಕಾ ಕೈಬಿಡುವುದಿಲ್ಲ, ಜನರಲ್ ವಾರ್ಡಿನಲ್ಲಿ ಈ ಸಲವೂ ಹಾಸಿಗೆ ಖಾಲಿಯಿಲ್ಲ' ಎಂದು ಬರೆದಿದ್ದೆ. ಅವನು ಓದಿ ಫೋನು ವಾಪಸು ಕೊಟ್ಟ. ಎದ್ದು ಪಾತ್ರೆ ತೊಳೆಯಲು ಹೋದ.

ಬುಧವಾರ ಸಂಜೆ ಡಬ್ಬಿಗೆ ಗೊಜ್ಜವಲಕ್ಕಿ ಹಾಕಿಕೊಂಡು ಯೂನಿಯನ್ ಸಿಟಿಗೆ ಹೋದೆ. ಗೊಜ್ಜವಲಕ್ಕಿ ಬರೀ ನೆಪ. ಕಾಕಾ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪು ತೆರೆದು ತಂಡ ಆರಿಸುತ್ತಿದ್ದರು. ಸ್ವೆಟರಿನೊಳಗೆ ಮೈ ಇಳಿದು ಹೋಗಿತ್ತು.

"ಕಾಕಾ, ಈ ಸಲ ನಿಮ್ಮನ್ನ ಸ್ವಲ್ಪ ಕಮ್ಮಿ ಬೈಲಾ?" ಎಂದು ಕೇಳಿಯೇಬಿಟ್ಟೆ.

"ಯಾಕ? ನಾ ಏನು ಸತ್ತೀನೇನು?"

"ಬಿಡ್ತು ಅನ್ನಿ ಕಾಕಾ!"

"ಮತ್ತ? ಒಂಬತ್ತ ಮಂದಿಗೆ ಬೈದು ನನಗೊಬ್ಬಗ ಬೆಣ್ಣಿ ಹಚ್ಚಿದ್ರ ಊರಿಗೆಲ್ಲಾ ಡಂಗುರಾ ಸಾರಿದಂಗ ಆತು. ಮಂದಿ ಏನ್ ಕುರುಡರಲ್ಲ. ಬರದ್ರ ಖಡಕ್ ಬರಿ, ಇಲ್ಲಂದ್ರ ಬರೀಲೇಬ್ಯಾಡ."

ಸರಿ ಎಂದು ಎದ್ದೆ. ಕಾಕೂ ನನ್ನನ್ನು ಬೀಳ್ಕೊಡುವ ನೆಪದಲ್ಲಿ ಕಾರಿನ ತನಕ ಬಂದು ನನ್ನ ತೋಳು ಹಿಡಿದುಕೊಂಡರು. "ಅವರ ಮಾತ ಕೇಳಬ್ಯಾಡವ್ವಾ. ಎಲ್ಲಾ ಹೊರಗಿನ ಶೂರತನ. ಒಳಗ ಭಾಳ ಹೆದರ್ಯಾರ. ನೀ ಏನರ ಚುಚ್ಚಿ ಬರದ್ರ ನಾ ಹೆಂಗ ಸಮಾಧಾನ ಮಾಡ್ಲಿ ಹೇಳು?"

ಅತ್ತ ದರಿ, ಇತ್ತ ಪುಲಿ. ಖಡಕ್ಕಾಗಿ ಬರೆದರೆ ಕಾಕೂಗೆ ಸಂಕಟ, ಮೆತ್ತಗೆ ಬರೆದರೆ ಕಾಕಾನ ಗುಟ್ಟು ರಟ್ಟು. ಈ ಹಾಳು ಬೈಯುವ ಕೆಲಸ ಒಪ್ಪಿಕೊಂಡ ನನ್ನನ್ನೇ ಬೈದುಕೊಳ್ಳುತ್ತ ಮನೆಗೆ ಬಂದೆ.

ಗುರುವಾರ ಆಫೀಸಿನಿಂದ ಬೇಗ ಬಂದು ಬರೆಯಲು ಕೂತೆ. ಬೇರೆಯವರದು ಸಲೀಸಾಗಿ ಆಯಿತು. ಮೆಲ್ಬರ್ನಿನಲ್ಲಿ ಮಳೆ ಗ್ಯಾರಂಟಿ, ಚೆಂಡು ಜಾರುತ್ತದೆ, ಎತ್ತರಕ್ಕೆ ನೆಗೆದು ಹಿಡಿಯುವವರಿಗೆ ಅಂಕ ಬೀಳುವುದು ಕಷ್ಟ, ಕೆಸರಿನಲ್ಲಿ ಕೆಡವುವವರಿಗೇ ಸುಗ್ಗಿ. ಅಂಥವರು ದಕ್ಷಿಣದವರ ತಂಡಗಳಲ್ಲೇ ಹೆಚ್ಚು, ಆದ್ದರಿಂದ ಈ ಸಲ ದಕ್ಷಿಣದ ಕೈ ಮೇಲು. ಬೆಂಗಳೂರಿನ ಹಲ್ಲಿನ ಡಾಕ್ಟರಿಗೆ 'ತಂಡ ಆರಿಸುವಾಗಲೂ ಕೀಳುವುದೇ ಚಿಂತೆ, ಒಳ್ಳೆಯದನ್ನೇ ಕೀಳುತ್ತಾರೆ' ಎಂದು ಬರೆದೆ. ದಕ್ಷಿಣದ ಐವರಲ್ಲಿ ನಾನೂ ಒಬ್ಬಳಾದ್ದರಿಂದ ನನಗೆ ನಾನೇ ಎರಡು ಏಟು ಹೊಡೆದುಕೊಂಡೆ.

ಕಾಕಾನ ಹತ್ತಿರ ಬಂದಾಗ ಬೆರಳು ನಿಂತಿತು. ಆ ದಿನ ನನಗೆ ಗೊತ್ತಾಯಿತು, ನಮ್ಮ ಬೈಗುಳದಲ್ಲಿ ಅರ್ಧಕ್ಕರ್ಧ ಸಾವಿನದೇ. ಕಥೆ ಮುಗೀತು ಎನ್ನುತ್ತೇವೆ, ತಿಥಿ ಮಾಡು ಎನ್ನುತ್ತೇವೆ, ಎಳ್ಳುನೀರು ಬಿಡು ಎನ್ನುತ್ತೇವೆ. ಇಷ್ಟು ದಿನ ಹೀಗೆಲ್ಲ ಬರೆದು ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಅವರ ಮಳೆಯ ಹಟವೇ ನನ್ನನ್ನು ಕಾಪಾಡಿತು. 'ಮಳೆ ಬರುತ್ತದೆಂದು ಇಡೀ ಲೋಕ ಹೇಳುತ್ತಿದ್ದರೂ ಉತ್ತರದ ಕ್ಯಾಪ್ಟನ್ನು ನೆಗೆಯುವವರನ್ನೇ ತುಂಬಿಕೊಂಡಿದ್ದಾರೆ. ಜೀವಮಾನವೆಲ್ಲ ಸೇತುವೆ ಕಟ್ಟಿಸಿದವರಿಗೆ ನೀರು ಎಂದರೆ ಇಷ್ಟು ಉಡಾಫೆಯೇ? ಬ್ರಹ್ಮ ಬಂದು ಹೇಳಿದರೂ ಕೇಳುವ ಪೈಕಿ ಅಲ್ಲ ಈ ಆಸಾಮಿ.' ಜೀವಮಾನವೆಲ್ಲ ಎಂಬುದನ್ನು ತೆಗೆದು ಸರ್ವಿಸ್ ಪೂರ್ತಿ ಎಂದು ಹಾಕಿದೆ. ಒಂದು ಸಾಲು ಕಮ್ಮಿ ಬಿತ್ತು. ಬಾಯಿಗೆ ಬಂದದ್ದನ್ನು ಸೇರಿಸಿ, ಮತ್ತೆ ಓದಿದರೆ ಧೈರ್ಯ ಸಾಲದು ಎಂದು ಕಣ್ಣು ಮುಚ್ಚಿ ಕಳಿಸಿಬಿಟ್ಟೆ.

ಮನೆಯಲ್ಲಿ ಕೂರಲಾಗದೆ ಇಂಡಿಯನ್ ಗ್ರೋಸರಿಗೆ ಹೋದೆ. ಕರಿಬೇವಿನ ಮುಂದೆ ನಿಂತು ಫೋನು ನೋಡುವುದು, ಬೇಳೆಯ ಮುಂದೆ ನಿಂತು ಫೋನು ನೋಡುವುದು. ಬೇ ಏರಿಯಾದವರು ನಕ್ಕರು, ಮೆಲ್ಬರ್ನಿನವರು ನಕ್ಕರು, ಹಲ್ಲಿನ ಡಾಕ್ಟರು ನನ್ನ ಹಲ್ಲು ಉದುರಿಸುವುದಾಗಿ ಬರೆದರು. ಕಾಕಾ ಓದಿದ್ದಾರೆಂದು ಫೋನು ತೋರಿಸುತ್ತಿತ್ತು, ಉತ್ತರ ಮಾತ್ರ ಇಲ್ಲ. ಪ್ರತಿ ವರ್ಷ ಮೊದಲು ತಿರುಗಿ ಬೈಯುವವರೇ ಅವರು. ಥೂ, ಎಂಥ ಕೆಲಸ ಮಾಡಿದೆ ಎನ್ನಿಸಿತು.

ಪಾರ್ಕಿಂಗಿನಲ್ಲಿ ಸಾಮಾನನ್ನು ಡಿಕ್ಕಿಗೆ ಹಾಕುತ್ತಿದ್ದಾಗ ಕಾಕಾನ ಫೋನಿನಿಂದ ಕರೆ ಬಂತು. ಎತ್ತಿದರೆ ಕಾಕೂ. ಅಳುತ್ತಿದ್ದರು.

"ಏನ್ ಬರದೀಯವ್ವಾ ನೀನು..."

"ತಪ್ಪಾಯ್ತು ಕಾಕೂ," ಎಂದೆ. "ಈಗ್ಲೇ ಡಿಲೀಟ್ ಮಾಡ್ತೀನಿ."

"ಏ ಬ್ಯಾಡ, ಬ್ಯಾಡ! ತಗೀಬ್ಯಾಡ." ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಮ್ಯಾಲಿಂದೆಲ್ಲಾ ಓದಿ ಭಾಳ ನಕ್ರು. ಕಡೀ ಸಾಲಿಗೆ ಬಂದ್ರು, ನನ್ನ ಕರದು, ನೀ ಓದು ಅಂದ್ರು. ಓದಿದೆ. ಇನ್ನೊಮ್ಮೆ ಓದು ಅಂದ್ರು."

ಕಡೆಯ ಸಾಲು ಏನೆಂದು ನನಗೆ ನೆನಪೇ ಆಗಲಿಲ್ಲ.

"'ಮುಂದಿನ ವರ್ಷವೂ ಇವರೇ ಕ್ಯಾಪ್ಟನ್, ಉತ್ತರದವರ ಹಣೆಬರಹ' ಅಂತ ಬರದೀಯಲ್ಲ. ಆಸ್ಪತ್ರಿಯಿಂದ ಬಂದಾಗಿಂದ ನಮ್ಮ ಮನ್ಯಾಗ ಮುಂದಿನ ವರ್ಷ ಅನ್ನೋ ಮಾತ ಯಾರೂ ಆಡಿದ್ದಿಲ್ಲವ್ವಾ. ಮಗಳು ಆಡಿದ್ದಿಲ್ಲ. ನನಗೂ ಬಾಯಿ ಬಂದಿದ್ದಿಲ್ಲ, ಹೆದರಿಕಿ."

ನನಗೆ ಅಳು ಬಂತು. ಗಾಡಿಗೆ ಒರಗಿ ನಿಂತು ರಿಪೋರ್ಟಿನ ವಿಷಯ ಕೇಳಿದೆ.

"ನಾಳೇನ ಬರೂದು. ಏನ್ ಬರ್ತದೋ ಬರಲಿ," ಎಂದರು. "ಎಷ್ಟೋ ದಿನದ ಮ್ಯಾಲೆ ಹಸಿವಿ ಅಂದಾರ. ಬಿಸಿ ರೊಟ್ಟಿ ಬೇಕಂತ. ಹಂಚು ಕಾದೈತಿ, ಇಡ್ತೀನವ್ವಾ."