ಎಡಗಿವಿಯೊಳಗಿನ ಬೀಸುವ ಕಲ್ಲು

ಗಾಳಿ, ಸೋಕು ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ನಗು. ದಿನವೂ ದೇವರ ಮುಂದೆ ದೀಪ ಹಚ್ಚುವವಳಿಗೆ ಅಂಥದ್ದು ಯಾಕೆ ಬಂದೀತು ಎಂದುಕೊಂಡಿದ್ದೆ. ಬಂದಿತ್ತು ಎಂದು ಈಗಲೂ ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ತಿಳಿದುಕೊಳ್ಳಿ.

ಎರಡನೇ ಮಹಾಯುದ್ಧದ ಕಾಲ. ಕಿರುಗಾವಲಿನ ಹತ್ತಿರ ನಮ್ಮ ಮನೆ. ನೆಲದೊಳಗೆ ರಾಗಿ ತುಂಬಿಡುವ ಹಗೇವನ್ನು ತೆಗೆದು, ಒಳಗೆ ಉಸಿರುಗಟ್ಟೀತೇ ಎಂದು ನೋಡಲು ದೀಪ ಇಳಿಬಿಟ್ಟು, ಅದು ಆರದೆ ಉರಿದ ಮೇಲೆ ನನ್ನನ್ನು ಹಗ್ಗ ಕಟ್ಟಿ ಇಳಿಸಿದರು. ಹಗೇವಿನ ಬಾಯಿ ಕಿರಿದು. ಮನೆಯಲ್ಲಿ ತೆಳ್ಳಗಿದ್ದವಳು ನಾನೇ. ಮೇಲೆಳೆಯುವಾಗ ಹಗ್ಗ ಜಾರಿ, ಬಾಯಿಕಲ್ಲಿಗೆ ತಲೆಯ ಎಡಭಾಗ ಬಡಿಯಿತು. ಬಿದ್ದದ್ದು ರಾಗಿಯ ಮೇಲೆ, ಅಷ್ಟು ದೇವರ ದಯೆ.

ಗಾಯ ಹದಿನೈದು ದಿನಕ್ಕೆ ಮಾಯಿತು. ಆದರೆ ಬಿಸಿಲು ಕಂಡರೆ ಕಣ್ಣು ಕುಕ್ಕುತ್ತಿತ್ತು, ಬಗ್ಗಿದರೆ ನೆಲ ತಿರುಗುತ್ತಿತ್ತು, ಒಗ್ಗರಣೆಯ ವಾಸನೆಯೂ ಮೂಗಿಗೆ ಹತ್ತುತ್ತಿರಲಿಲ್ಲ. ಅದನ್ನೆಲ್ಲ ಸಹಿಸಬಹುದಿತ್ತು. ಎಡಗಿವಿಯೊಳಗೆ ಯಾರೋ ರಾಗಿ ಬೀಸುತ್ತಿದ್ದರು. ಉಣ್ಣುವಾಗಲೂ, ಪೂಜೆಗೆ ಕೂತಾಗಲೂ. ಓಡಿಹೋಗೋಣವೆಂದರೆ ತಲೆಯನ್ನು ಎಲ್ಲಿ ಬಿಟ್ಟು ಓಡುವುದು?

ಅತ್ತೆ ನಮ್ಮ ಯಜಮಾನರಿಗೆ ಹೇಳಿದರು: "ಅಗೇವಿನ ಗಾಳಿ ಕಣ್ಲಾ ಇದು. ಮಂಗಳವಾರ ಬೇವಿನ ಬರ್ಲಲ್ಲಿ ನಾಕು ಬುಟ್ರೆ ತಾನೇ ಓಯ್ತದೆ."

"ಡಾಕ್ಟ್ರಿಗೆ ತೋರ್ಸಾನ ಕಣವ್ವ," ಎಂದರು ನಮ್ಮ ಯಜಮಾನರು.

"ತೋರ್ಸು. ಏನ್ ಕಾಯ್ಲೆ ಅಂತ ಬರ್ಸ್ಕಂಡ್ ಬಾ. ಬರ್ಕೊಡ್ನಿಲ್ವಾ, ಆಮೇಲೆ ನಾನ್ ಏಳ್ದಂಗೆ."

ಆ ಬರಲುಕಡ್ಡಿಯ ಏಟಿಗೆ ಹಿಂದಿನ ಬೀದಿಯ ಸೊಸೆಯೊಬ್ಬಳ ಬೆನ್ನು ಏನಾಗಿತ್ತೆಂದು ನಾನು ನೋಡಿದ್ದೆ. ಮಳವಳ್ಳಿಯ ಪಂಡಿತರು ಪಿತ್ತ ಎಂದು ಪುಡಿ ಕೊಟ್ಟರು, ಬರೆದುಕೊಡಲಿಲ್ಲ. ಮದ್ದೂರಿನ ಡಾಕ್ಟರು ಏನೂ ಇಲ್ಲ ಎಂದು ಕಳಿಸಿದರು. ಸೋಮವಾರ ಬಂತು. ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲಿನ ಬಸ್ಸಿನಲ್ಲಿ ಮಂಡ್ಯಕ್ಕೆ ಹೊರಟೆವು. ಬಸ್ಸಿನ ಹಿಂದೆ ಕಟ್ಟಿದ ಒಲೆಯ ಹೊಗೆ ತಾಗದ ಮುಂದಿನ ಸೀಟು ಸಿಕ್ಕಿತು, ಅದೂ ದೊಡ್ಡದೇ.

ಮಂಡ್ಯದ ಡಾಕ್ಟರಿಗೆ ಕಿವಿಯಲ್ಲಿ ಶಬ್ದ ಎಂದಷ್ಟೇ ಹೇಳಿದೆ. ಅವರು ಕಿವಿಯ ಹಿಂದಿನ ಮೂಳೆಗೆ ಕೊಳವೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿ, ಎದ್ದು ಕಿಟಕಿಯಿಂದ ಹೊರಗೆ ನೋಡಿದರು.

"ಯಾರಯ್ಯಾ ಅದು, ಇಲ್ಲಿ ಬೀಸ್ತಾ ಇರೋದು?"

"ಯಾರೂ ಇಲ್ಲ ಸಾರ್," ಎಂದ ಕಾಂಪೌಂಡರ್.

ಮತ್ತೆ ಕೊಳವೆ ಇಟ್ಟು, ಈ ಸಲ ನನ್ನ ಕೈನಾಡಿಯನ್ನೂ ಹಿಡಿದರು. "ರಕ್ತ ಹರಿಯೋ ಶಬ್ದ ಅನ್ನೋಣ ಅಂದ್ರೆ ನಾಡಿಗೂ ಇದಕ್ಕೂ ತಾಳೆಯೇ ಇಲ್ಲ. ಆಗಾಗ ಒಂದು ಗಳಿಗೆ ನಿಂತು ಮತ್ತೆ ಶುರುವಾಗ್ತದೆ," ಎಂದರು.

ಬೀಸುವವಳು ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕಲು ನಿಲ್ಲಿಸುವ ಹಾಗೆಯೇ ಅದು ನಿಲ್ಲುತ್ತಿತ್ತು. ಇದನ್ನು ಯಜಮಾನರಿಗೂ ಹೇಳಿರಲಿಲ್ಲ.

"ಏನು ಕಾಯಿಲೆ ಸ್ವಾಮಿ?"

"ಗೊತ್ತಿಲ್ಲಮ್ಮ."

"ಹಾಗಂತ ಬರೆದರೆ ನಾಳೆ ನನ್ನ ಬೆನ್ನು ಉಳಿಯೋದಿಲ್ಲ," ಎಂದು ಅತ್ತುಬಿಟ್ಟೆ. ಹಗೇವಿನಲ್ಲಿ ಬಿದ್ದ ಪೆಟ್ಟು, ಅತ್ತೆಯ ಬರಲು, ಎಲ್ಲ ಹೇಳಿದೆ.

ಅವರು ಪೆನ್ನು ಹಿಡಿದು, 'ಪೆಟ್ಟಿನಿಂದ ಮಿದುಳು ಅಲುಗಿದೆ, ವಿಶ್ರಾಂತಿ ಬೇಕು, ಹೊಡೆಯಕೂಡದು' ಎಂದು ಬರೆದರು. ಕೊಡುವಾಗ ನನ್ನ ಮುಖ ನೋಡಲಿಲ್ಲ.

ಅತ್ತೆ ಸ್ಕೂಲು ಮೇಷ್ಟರಿಂದ ಎರಡು ಸಲ ಓದಿಸಿದರು. "ಮಿದ್ಲು ಅಲುಗ್ಯದಾ? ಮೊದ್ಲೇ ಏಳ್ಬಾರ್ದೇನಮ್ಮ? ಓಗು, ಮನಿಕೋ," ಎಂದು ತಾವೇ ಚಾಪೆ ಹಾಸಿದರು.

ವಾಸನೆ ತಿರುಗಿ ಬಂತು, ಕಣ್ಣು ಬಿಸಿಲಿಗೆ ಹೊಂದಿಕೊಂಡಿತು. ಶಬ್ದ ಮಾತ್ರ ಇದೆ. ಮೊದಲು ಅದು ಜೋರಾದಾಗ, ಬಿಡು, ಇದು ನನ್ನ ಭ್ರಮೆ ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಡಾಕ್ಟರಿಗೂ ಅದು ಕೇಳಿಸಿದ ಮೇಲೆ ಆ ಸಮಾಧಾನಕ್ಕೂ ದಾರಿಯಿಲ್ಲ.