ಅಪ್ಪನ ಅರ್ಧ ಮಾತ್ರೆ

ಬಸ್ ಕಂಡಕ್ಟರ್ ಆಗಿದ್ದ ನಮ್ಮಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಬೆರಳುಗಳಲ್ಲಿ ಹಿಡಿತ ಹೋಯಿತು. ನಡೆದಾಡುತ್ತಾರೆ, ಟಿವಿ ಜೊತೆ ಜಗಳವಾಡುತ್ತಾರೆ, ಅದೆಲ್ಲ ಸರಿ. ಆದರೆ ಬೆಳಿಗ್ಗೆ ಬಿಪಿ ಮಾತ್ರೆಯನ್ನು ಅರ್ಧ ಮುರಿದು ನುಂಗಬೇಕು, ಅದೊಂದು ಆಗುವುದಿಲ್ಲ. ನಾನು ಮುರಿದುಕೊಟ್ಟರೆ ಮುಖ ಊದಿಸಿಕೊಳ್ಳುತ್ತಿದ್ದರು. ಜೀವಮಾನವಿಡೀ ಟಿಕೆಟ್ ಹರಿದ ಕೈ ತಾನೆ. ಒಮ್ಮೆ ಅಡಕತ್ತರಿ ಹಾಕಿದರು. ಅರ್ಧ ಮಂಚದ ಕೆಳಗೆ ಸಿಕ್ಕಿತು, ಇನ್ನರ್ಧ ಇವತ್ತಿಗೂ ಪತ್ತೆಯಿಲ್ಲ.

ತಮಾಷೆಯೆಂದರೆ, ಮಾತ್ರೆ ಗಟ್ಟಿ ಮಾಡುವುದೇ ನನ್ನ ಹೊಟ್ಟೆಪಾಡು. ಅತ್ತಿಗುಪ್ಪೆಯಿಂದ ಮೆಟ್ರೋ ಹಿಡಿದು ರಾಜಾಜಿನಗರದ ಸಣ್ಣ ಫ್ಯಾಕ್ಟರಿಗೆ ಹೋಗಿ, ಔಷಧದ ಪುಡಿಗೆ ಸ್ಟಾರ್ಚಿನ ಗಂಜಿ ಹುಯ್ದು ಕಲಸಿ ಹರಳು ಕಟ್ಟಿಸುತ್ತೇನೆ. ಆ ಹರಳನ್ನು ಒಣಗಿಸಿ ಒತ್ತಿದರೆ ಮಾತ್ರೆ. ಗಂಜಿ ಕಡಿಮೆಯಾದರೆ ಅಂಚು ಉದುರುತ್ತದೆ. ಹೆಚ್ಚಾದರೆ ಕಲ್ಲಾಗುತ್ತದೆ, ನೀರಿನಲ್ಲಿ ಬೇಗ ಬಿಚ್ಚಿಕೊಳ್ಳುವುದೂ ಇಲ್ಲ. ಪುಡಿಯಾಗಿ ವಾಪಸ್ ಬಂದ ಮಾಲಿಗೆ ಬೈಗುಳ ಸಿಗುತ್ತದೆ, ಗಟ್ಟಿ ಎಂದು ದೂರುವವರು ಯಾರೂ ಇಲ್ಲ. ಹಾಗಾಗಿ ನಮ್ಮ ಕೈ ಯಾವಾಗಲೂ ಗಂಜಿಯ ಕಡೆಗೇ ವಾಲುತ್ತದೆ.

ಕಳೆದ ವರ್ಷ, ಅರ್ಧ ಮುರಿಯಲೆಂದೇ ನಡುವೆ ಗೆರೆಯಿರುವ ಹೊಸ ಮಾತ್ರೆಯೊಂದರ ಪ್ರಯೋಗ ಶುರುವಾಯಿತು. ಔಷಧ ಹಾಕದೆ ಒತ್ತಿದ ಕೆಲವನ್ನು ಮೇಲಿನವರನ್ನು ಕೇಳಿ ಮನೆಗೆ ತಂದು ಅಪ್ಪನ ತಟ್ಟೆಯಲ್ಲಿಟ್ಟೆ. ಒಂದೂ ಮುರಿಯಲಿಲ್ಲ. ನನ್ನ ಓದನ್ನೂ ಸೇರಿಸಿ ಬೈದರು. ಗಂಜಿ ಕಡಿಮೆ ಮಾಡಿದೆ. ಈ ಸಲ ಬೆರಳ ತುದಿಯಲ್ಲಿ ಬರೀ ಪುಡಿ. ಆಮೇಲೆ ಗಂಜಿಯನ್ನು ತೆಳ್ಳಗೆ ಮಾಡಿ, ನಿಧಾನವಾಗಿ ಹುಯ್ದು, ಪುಡಿಯ ಮೂಲೆಮೂಲೆಗೂ ತಾಗುವಂತೆ ಕಲಸಿದೆ. ಫ್ಯಾಕ್ಟರಿಯ ಪರೀಕ್ಷೆಗಳಲ್ಲಿ ಪಾಸಾದ ಆ ಮಾತ್ರೆ ಅಪ್ಪನ ಕೈಯಲ್ಲೂ ಟಕ್ಕೆಂದು ಎರಡು ಹೋಳಾಯಿತು. ಅವರು ನಗುತ್ತಾ ತಟ್ಟೆಯಲ್ಲಿದ್ದುದನ್ನೆಲ್ಲ ಮುರಿದು ಹಾಕಿದರು.

“ಇದು ನನ್ನ ಬಿಪಿ ಮಾತ್ರೇನಾ?” ಎಂದರು.

ಅಲ್ಲ ಎಂದೆ. ಇದು ಬೇರೆ ಕಾಯಿಲೆಯದು. ಅವರದನ್ನು ಇನ್ಯಾರೋ ಮಾಡುತ್ತಾರೆ, ಆ ಗಂಜಿ ನನ್ನ ಕೈಯಲ್ಲಿಲ್ಲ. ಮೊದಲೇ ಹೇಳಬೇಕಿತ್ತು ಅನ್ನಿಸಿ ಸಂಕಟವಾಯಿತು.

ಅಪ್ಪ ಹೋಳುಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. “ಹೋಗ್ಲಿ ಬಿಡು. ನನ್ನಂಥೋನು ಇನ್ನೊಬ್ಬ ಎಲ್ಲೋ ಇರ್ತಾನೆ. ಅವ್ನಾದ್ರೂ ಮುರ್ಕೊಳ್ಲಿ.”

ಮರುದಿನ ಬೆಳಿಗ್ಗೆ ನಾನು ಕರೆಯುವ ಮುಂಚೆಯೇ ಅಡುಗೆಮನೆಗೆ ಬಂದು, ತಮ್ಮ ಮಾತ್ರೆಯನ್ನು ನನ್ನ ಅಂಗೈಯಲ್ಲಿಟ್ಟರು.

“ಮುರ್ಕೊಡಮ್ಮ” ಎಂದರು.